ಕೊರೆದ ಕಲ್ಲಿನ ವಯಸ್ಸು: ಜಿರ್ಕಾನೋ, ಮಾಲಿಬ್ಡಿನೈಟೋ?

ತಾಮ್ರದ ಅದಿರು ಹುಡುಕಲು ಕೊರೆದು ತೆಗೆದ ಕಲ್ಲಿನ ಕಂಬಗಳ (ಕೋರ್) ಪೆಟ್ಟಿಗೆಯಿಂದ ಒಂದೇ ಮಾದರಿಯನ್ನು ವಯಸ್ಸು ಅಳೆಯಲು ಕಳಿಸಲು ಹಣವಿದೆ ಎಂದುಕೊಳ್ಳಿ. ಶಿಲೆಯ ವಯಸ್ಸು ಬೇಕೋ, ಅದಿರಿನದೋ?

ಜಿರ್ಕಾನ್ ಎಂಬ ಖನಿಜದ ಯುರೇನಿಯಂ-ಸೀಸ ವಿಧಾನ ತಿಳಿಸುವುದು ಶಿಲಾಪಾಕ ಹರಳುಗಟ್ಟಿದ ಕಾಲವನ್ನು. ಹರಳು ಬೆಳೆಯುವಾಗ ಯುರೇನಿಯಂ ಒಳಸೇರುತ್ತದೆ, ಸೀಸ ಬಹುತೇಕ ಹೊರಗೇ ಉಳಿಯುತ್ತದೆ; ಒಳಗಿನ ಯುರೇನಿಯಂ ಕಾಲಕ್ರಮೇಣ ಸೀಸವಾಗುವುದೇ ಗಡಿಯಾರ. ಆಮೇಲಿನ ಶಾಖಕ್ಕೆ ಈ ಗಡಿಯಾರ ಸುಲಭವಾಗಿ ಕೆಡದು. ತೊಂದರೆಯೆಂದರೆ, ಹಳೆಯ ಶಿಲೆಯಿಂದ ಬಂದ ತಿರುಳು ಹರಳಿನೊಳಗೆ ಅಡಗಿದ್ದರೆ ವಯಸ್ಸು ಹೆಚ್ಚಾಗಿ ಕಾಣುತ್ತದೆ. ಅಳತೆಗೆ ಲೇಸರ್ ಹಾಯಿಸುವ ಮೊದಲು ಹರಳಿನ ಒಳರಚನೆಯ ಚಿತ್ರ ತೆಗೆಸದವರ ಸಂಖ್ಯೆಗಳನ್ನು ನಾನಂತೂ ನಂಬುವುದಿಲ್ಲ. ಬಸಾಲ್ಟ್‌ನಲ್ಲಿ ಜಿರ್ಕಾನ್ ಸಿಗುವುದೇ ಅಪರೂಪ.

ಮಾಲಿಬ್ಡಿನೈಟ್ ಗಂಧಕ ಸೇರಿದ ಖನಿಜ (ಸಲ್ಫೈಡ್); ಅದರ ರೀನಿಯಂ-ಆಸ್ಮಿಯಂ ವಯಸ್ಸು ಆ ಸಲ್ಫೈಡಿನದೇ. ಅದು ಪಕ್ಕದ ಗ್ರಾನೈಟಿಗಿಂತ 20 ಕೋಟಿ ವರ್ಷ ಕಿರಿಯದೆಂದು ಬಂದರೆ, ಅದಿರು ತಂದದ್ದು ಆ ಗ್ರಾನೈಟ್ ಅಲ್ಲ. ಮುಂದಿನ ರಂಧ್ರವನ್ನು ಅದರ ಅಂಚಿನಲ್ಲಿ ಇಡಲು ಬೇರೆ ಕಾರಣ ಬೇಕು. ಆದರೆ ಮಾಲಿಬ್ಡಿನೈಟ್ ಕೂತಿರುವ ಸಿರೆಯಲ್ಲೇ (ಬಿರುಕು ತುಂಬಿದ ಖನಿಜದ ಪಟ್ಟಿಯಲ್ಲೇ) ತಾಮ್ರವೂ ಇರಬೇಕು, ಬೇರೆ ಸಿರೆಯಾದರೆ ಉತ್ತರ ಬೇರೆ ಘಟನೆಯದು. ಯಾವ ಸಿರೆ ಯಾವುದನ್ನು ಕತ್ತರಿಸಿದೆ ಎಂಬುದು ಕೋರ್‌ನಲ್ಲಿ ಕಾಣುತ್ತದೆ, ಕಲ್ಲನ್ನು ಪುಡಿಮಾಡಿ ಮೇಲೆ ತರುವ ಆರ್‌ಸಿ (ರಿವರ್ಸ್ ಸರ್ಕ್ಯುಲೇಶನ್) ಕೊರೆತದ ಚೂರುಗಳಲ್ಲಿ ಕಾಣದು.

ಬಯೋಟೈಟ್ ಎಂಬ ಕಪ್ಪು ಅಭ್ರಕದ ಆರ್ಗಾನ್ ವಿಧಾನ ಮೂರನೆಯದು. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ತಣಿದ ಕಾಲವನ್ನಷ್ಟೇ ಹೇಳುವುದರಿಂದ ಮೊದಲ ಮಾದರಿಗೆ ಬೇಡ.

ಮಾಲಿಬ್ಡಿನೈಟ್ ಕಂಡರೆ ನನ್ನ ಮತ ಅದಕ್ಕೇ, ಇಲ್ಲವಾದರೆ ಅದಿರಿನ ಸಿರೆಯನ್ನು ಕತ್ತರಿಸಿದ ಡೈಕ್‌ನ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾಪಾಕದ ಹಾಳೆಯ) ಜಿರ್ಕಾನ್‌ಗೆ: ಅದಿರು ಅದಕ್ಕಿಂತ ಹಳೆಯದೆಂಬುದಾದರೂ ಖಚಿತ.