ಎಂಟು ವಾರದ ಸ್ಪೋಕನ್ ಇಂಗ್ಲಿಷ್ ತರಗತಿ: ‘ನಾಟ್’ ಚೆನ್ನ, ನುಡಿಗಟ್ಟು ಅಷ್ಟಕ್ಕಷ್ಟೇ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಡೆಯುವ ಈ ಸಂಜೆ ತರಗತಿಗೆ ನಾನು ಸೇರಿದ್ದು ಕಚೇರಿಯಲ್ಲಾದ ಒಂದು ಎಡವಟ್ಟಿನ ನಂತರ. ವಿದೇಶದ ಗ್ರಾಹಕರೊಬ್ಬರು ಫೋನಿನಲ್ಲಿ ‘ಡಿಡಂಟ್ ಯು ಗೆಟ್ ದಿ ಡ್ರಾಯಿಂಗ್ಸ್?’ ಎಂದು ಕೇಳಿದರು. ‘ಹೌದು, ಬಂದಿಲ್ಲ’ ಎಂಬ ಅರ್ಥದಲ್ಲಿ ನಾನು ‘ಯೆಸ್’ ಎಂದೆ. ನಕ್ಷೆಗಳು ತಲುಪಿವೆ ಎಂದು ಅವರು ಸುಮ್ಮನಾದರು, ಕಳಿಸುತ್ತಾರೆ ಎಂದು ನಾನು ನಾಲ್ಕು ದಿನ ಕಾದೆ.

ಮೂರು ಮತ್ತು ನಾಲ್ಕನೆಯ ವಾರಗಳನ್ನು ಇಂಗ್ಲಿಷಿನ ನಿಷೇಧರೂಪಗಳಿಗೇ ಮೀಸಲಿಟ್ಟಿರುವುದು ಈ ತರಗತಿಯ ಹೆಚ್ಚುಗಾರಿಕೆ. ನಮ್ಮ ‘ಹೌದು’ ಕೇಳಿದವರ ಊಹೆಯನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಯೆಸ್’ಗೆ ಆ ಊಹೆಯ ಗೊಡವೆಯಿಲ್ಲ, ಸಂಗತಿ ನಡೆದಿದ್ದರೆ ‘ಯೆಸ್’, ನಡೆಯದಿದ್ದರೆ ‘ನೋ’. ಅಧ್ಯಾಪಕಿ ಇಷ್ಟನ್ನು ಹೇಳಿ ಬಿಡಲಿಲ್ಲ. ‘ಡೋಂಟ್ ಯು ಡ್ರಿಂಕ್ ಕಾಫಿ?’ ಎಂದು ಒಬ್ಬರನ್ನೊಬ್ಬರು ಕೇಳುತ್ತ, ಕಾಫಿ ಕುಡಿಯದವರ ಬಾಯಲ್ಲಿ ‘ನೋ, ಐ ಡೋಂಟ್’ ತಾನಾಗಿ ಬರುವವರೆಗೆ ಒಂದು ಗಂಟೆ ನಮ್ಮನ್ನು ಪಳಗಿಸಿದರು. ‘ವುಡ್ ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದವರಿಗೆ ‘ನೋ’ ಎಂದರೇ ಕೂರಲು ಒಪ್ಪಿಗೆ ಸಿಕ್ಕಂತೆ ಎಂಬುದು ಮಾತ್ರ ನನಗಿನ್ನೂ ಪೂರ್ತಿ ರೂಢಿಯಾಗಿಲ್ಲ.

ಇಲ್ಲ, ಅಲ್ಲ, ಬೇಡ, ಕೂಡದು, ಒಲ್ಲೆ ಎಂದು ಬಗೆಬಗೆಯಾಗಿ ನಿರಾಕರಿಸುವ ನಮಗೆ ಒಂದೇ ‘ನಾಟ್’ ಸುಲಭವಾಗಿ ಕಾಣುತ್ತದೆ. ಆದರೆ ‘ಮಸ್ಟ್’ ಮತ್ತು ‘ಹ್ಯಾವ್ ಟು’ ಎರಡೂ ಹೆಚ್ಚುಕಡಿಮೆ ‘ಬೇಕು’ ಎಂದೇ ಅರ್ಥ ಕೊಟ್ಟರೂ, ಅವುಗಳ ನಿಷೇಧರೂಪಗಳಲ್ಲಿ ‘ಮಸ್ಟಂಟ್’ ಎಂದರೆ ಕೂಡದು, ‘ಡೋಂಟ್ ಹ್ಯಾವ್ ಟು’ ಎಂದರೆ ಅಗತ್ಯವಿಲ್ಲ ಎಂದಾಗುವುದರಿಂದ, ‘ನಾಳೆ ನೀವು ಬರಬೇಕಾಗಿಲ್ಲ’ ಎನ್ನಲು ಹೋಗಿ ‘ಯು ಮಸ್ಟಂಟ್ ಕಮ್’ ಎಂದರೆ ಅತಿಥಿಯನ್ನು ಬಾಗಿಲಲ್ಲೇ ತಡೆದಂತಾಗುತ್ತದೆ. ಹಾಗೆಯೇ ನಾವು ‘ಅವನು ಬರುವುದಿಲ್ಲ ಅನಿಸುತ್ತದೆ’ ಎನ್ನುವಲ್ಲಿ ಇಂಗ್ಲಿಷಿನವರು ‘ನಾಟ್’ ಅನ್ನು ಅನಿಸಿಕೆಯ ಕಡೆಗೆ ಸರಿಸಿ ‘ಐ ಡೋಂಟ್ ಥಿಂಕ್’ ಎಂದೇ ಶುರುಮಾಡುತ್ತಾರೆ. ಇವನ್ನೆಲ್ಲ ಕನ್ನಡದ ಪಕ್ಕದಲ್ಲಿಟ್ಟು ವಿವರಿಸುವ ಶಿಕ್ಷಕರು ನನಗೆ ಹಿಂದೆ ಸಿಕ್ಕಿರಲಿಲ್ಲ.

ಸಂಕ್ಷಿಪ್ತ ರೂಪಗಳ ಪಾಠ ಚುರುಕಾಗಿತ್ತು. ‘ವಿಲ್ ನಾಟ್’ ಏಕೆ ‘ವೋಂಟ್’ ಆಯಿತೆಂದು ಕೇಳಿದಾಗ, ‘ವಿಲ್’ಗೆ ಹಿಂದೆ ‘ವೊಲ್’ ಎಂಬ ರೂಪವೂ ಇತ್ತೆಂದೂ, ‘ಆಮ್ ನಾಟ್’ನಿಂದ ಬಂದ ‘ಆಮಂಟ್’ ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಇಂದಿಗೂ ಉಳಿದಿದೆಯೆಂದೂ ತಿಳಿಸಿದರು. ಅಮೆರಿಕನ್ನರ ಮಾತಿನಲ್ಲಿ ‘ಕ್ಯಾಂಟ್’ನ ಕೊನೆಯ ‘ಟ್’ ಎಷ್ಟೋ ಸಲ ಬಿಡಿಯಾಗಿ ಕೇಳಿಸುವುದಿಲ್ಲ, ಪದದ ಮೇಲಿನ ಒತ್ತನ್ನು ಹಿಡಿದೇ ‘ಕ್ಯಾನ್’ನಿಂದ ಬೇರ್ಪಡಿಸಬೇಕು ಎಂದು ಧ್ವನಿಮುದ್ರಿಕೆ ಹಾಕಿದರು, ಸೀಲಿಂಗ್ ಫ್ಯಾನಿನ ಸದ್ದಿಗೆ ಆ ಪುಟ್ಟ ಸ್ಪೀಕರಿನಿಂದ ಹಿಂದಿನ ಸಾಲಿನವರಿಗೆ ಒತ್ತೂ ಕೇಳಲಿಲ್ಲ, ಪದವೂ ಕೇಳಲಿಲ್ಲ.

ನುಡಿಗಟ್ಟುಗಳ ಎರಡು ವಾರಗಳು ಬರೀ ಗಿಳಿಪಾಠ. ಇನ್ನೂರು ನುಡಿಗಟ್ಟುಗಳ ಪುಸ್ತಿಕೆಯನ್ನು ಕೊಟ್ಟು ಉರು ಹೊಡೆಯಿರಿ ಎನ್ನುತ್ತಾರೆ. ಯಾವುದನ್ನು ಯಾರು, ಎಲ್ಲಿ ಬಳಸುತ್ತಾರೆ ಎಂಬ ಸುಳಿವಿಲ್ಲ. ಅದರಲ್ಲಿ ‘ಕುಡಂಟ್ ಕೇರ್ ಲೆಸ್’ ಮತ್ತು ‘ಕುಡ್ ಕೇರ್ ಲೆಸ್’ ವಿರುದ್ಧಾರ್ಥಕಗಳಾಗಿ ಅಚ್ಚಾಗಿವೆ. ತರ್ಕಕ್ಕೆ ಅದು ಸರಿಯೆನಿಸಿದರೂ ಎರಡಕ್ಕೂ ‘ನನಗೇನೂ ಬಿದ್ದುಹೋಗಿಲ್ಲ’ ಎಂಬುದೇ ಅರ್ಥ, ಎರಡನೆಯದು ಅಮೆರಿಕದ ಆಡುಮಾತು, ಅಷ್ಟೇ.

ಇದಕ್ಕಿಂತ ಕೆಟ್ಟ ತಪ್ಪು ಪೂರ್ವಪ್ರತ್ಯಯಗಳ ಪಟ್ಟಿಯಲ್ಲಿದೆ. ‘ಇನ್’ ಸೇರಿದರೆಲ್ಲ ನಿಷೇಧವೆಂದು ತಿಳಿದು ‘ಇನ್‌ಫ್ಲೇಮಬಲ್’ಗೆ ‘ಬೆಂಕಿ ಹತ್ತದ’ ಎಂದು ಅರ್ಥ ಕೊಟ್ಟಿದ್ದಾರೆ. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆಯುವುದು ಸುಮ್ಮನೆಯೇ? ಉರಿ ಹೊತ್ತಿಸು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಈ ಪದದಲ್ಲಿ ‘ಇನ್’ಗೆ ನಿರಾಕರಣೆಯ ಕೆಲಸವೇ ಇಲ್ಲ. ಇಂಥ ಗೊಂದಲಕ್ಕೆ ಅಂಜಿಯೇ ಸುರಕ್ಷತಾ ಫಲಕಗಳಲ್ಲಿ ‘ಫ್ಲೇಮಬಲ್’ ಎಂದು ಬರೆಯುವ ರೂಢಿ ಬೆಳೆದದ್ದು.

ವಾರಕ್ಕೆರಡು ದಿನ, ಸಂಜೆ 7ರಿಂದ 8:30. ಶುಲ್ಕ 7,500 ರೂಪಾಯಿ. ಒಂದು ತಂಡದಲ್ಲಿ 22 ಜನ, ಅದು ಹೆಚ್ಚಾಯಿತು. ಆದರೂ ಫೋನಿನಲ್ಲಿ ಹೊರದೇಶದವರೊಂದಿಗೆ ವ್ಯವಹರಿಸುವವರಿಗೆ ಮೂರು ಮತ್ತು ನಾಲ್ಕನೆಯ ವಾರಗಳಿಗಾಗಿಯೇ ಈ ಹಣ ದುಬಾರಿಯಲ್ಲ. ಪುಸ್ತಿಕೆಯ ತಪ್ಪನ್ನು ನಾನು ತೋರಿಸಿದಾಗ ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ಹೇಳಿದರು. ಹೊಸ ತಂಡಕ್ಕೆ ಹಂಚಿದ ಪ್ರತಿಯಲ್ಲಿ ಟ್ಯಾಂಕರಿಗೆ ಇನ್ನೂ ಬೆಂಕಿ ಹತ್ತುವುದಿಲ್ಲ.