ಪ್ಯಾಕೆಟ್ ಚಿಪ್ಸೋ, ಬಾಳೆಕಾಯಿ ಚಿಪ್ಸೋ?

ಮಂಗಳೂರಿನ ಹಂಪನಕಟ್ಟೆಯಲ್ಲಿ ಮಕ್ಕಳಿಗೆ ಕುರುಕಲು ಕೊಳ್ಳುವವರಿಗೆ ಇದೇ ಗೊಂದಲ.

ಪ್ಯಾಕೆಟ್ಟಿನ ಹಿಂಬದಿ ಓದಿ. ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರುತ್ತವೆ. ಆಲೂಗಡ್ಡೆಯ ನಂತರ ಸಾಮಾನ್ಯವಾಗಿ ಪಾಮೋಲಿನ್. ಎಲ್ಲರೂ ಹೆದರುವುದು 621 ಎಂಬ ಸಂಕೇತ ಸಂಖ್ಯೆಗೆ, ಅಂದರೆ ರುಚಿ ಹೆಚ್ಚಿಸುವ ಅಜಿನೊಮೊಟೊಗೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ನಾನು ನೋಡುವುದು ಉಪ್ಪಿನಲ್ಲಿರುವ ಸೋಡಿಯಂನ ಸಾಲನ್ನು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೇ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸಾಕು.

ತೂಕಕ್ಕೆ ಸಿಗುವ ಬಾಳೆಕಾಯಿ ಚಿಪ್ಸ್‌ನಲ್ಲಿ ಕಾಯಿ, ಉಪ್ಪು, ಎಣ್ಣೆ, ಹೆಚ್ಚೆಂದರೆ ಅರಶಿನ. ಲೇಬಲ್ ಮಾತ್ರ ಇಲ್ಲ. ಬಾಣಲೆಯ ಎಣ್ಣೆ ಎಷ್ಟನೇ ಸಲದ್ದೋ! ಕಪ್ಪಾಗಿ ನೊರೆಯೇಳುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ತೆಂಗಿನೆಣ್ಣೆಯಾದರೂ ಅದು ಹೆಚ್ಚಿನಂಶ ಸ್ಯಾಚುರೇಟೆಡ್ ಕೊಬ್ಬೇ, ಅಂದರೆ ಅತಿಯಾದರೆ ಕೊಲೆಸ್ಟ್ರಾಲ್ ಏರಿಸುವ ಬಗೆ.

ಬಿ.ಪಿ. ಇದ್ದವರು ಉಪ್ಪು ಕಡಿಮೆಯಿರುವ, ಕಣ್ಣೆದುರು ಕರಿದ ಬಾಳೆಕಾಯಿ ಚಿಪ್ಸನ್ನೇ ಒಂದು ಹಿಡಿ ತಿನ್ನಲಿ. ನೆಲಗಡಲೆ ಅಲರ್ಜಿಯ ಮಗುವಿಗೆ ಪ್ಯಾಕೆಟ್ಟೇ ವಾಸಿ, ಅದರಲ್ಲಿ ಅಲರ್ಜಿ ಸೂಚನೆ ಅಚ್ಚಾಗಿರುತ್ತದೆ.