ಜನಸಂಖ್ಯೆ ಭಾಗಕ್ಕೆ ಫುಲ್ ಮಾರ್ಕ್ಸ್, ಅಸಮಾನತೆ ಭಾಗ ಜಸ್ಟ್ ಪಾಸ್

ಜನಸಂಖ್ಯೆ ಹೇಗೆ ಬದಲಾಗುತ್ತದೆ, ಸಮಾಜದಲ್ಲಿ ಯಾರಿಗೆ ಎಷ್ಟು ಸಿಗುತ್ತದೆ ಅನ್ನುವುದನ್ನು ಅಂಕಿ-ಅಂಶ ಹಿಡಿದು ಓದಲು ಕಲಿಸುವ ಆನ್‌ಲೈನ್ ಕೋರ್ಸ್ ಇದು. ರೆಕಾರ್ಡ್ ಮಾಡಿದ ವಿಡಿಯೊಗಳು, ಆರ್ ಸಾಫ್ಟ್‌ವೇರ್‌ನಲ್ಲಿ ಅಭ್ಯಾಸ, ಕೊನೆಗೊಂದು ಕ್ವಿಜ್. ಪೂರ್ತಿ ಮುಗಿಸಿಯೇ ಬರೆಯುತ್ತಿದ್ದೇನೆ. 5ಕ್ಕೆ 3.5.

ಮೊದಲ ಅರ್ಧ ನಿಜಕ್ಕೂ ಚೆನ್ನಾಗಿದೆ. ಮೇಷ್ಟ್ರು ಸೂತ್ರದಿಂದ ಶುರು ಮಾಡುವುದಿಲ್ಲ. ಎರಡು ಕಾಲ್ಪನಿಕ ಊರು ಕೊಡುತ್ತಾರೆ, ಎರಡರಲ್ಲೂ ಒಂದೊಂದು ಲಕ್ಷ ಜನ. ಮೊದಲನೆಯದರಲ್ಲಿ 90,000 ಕಿರಿಯರು, 10,000 ಹಿರಿಯರು. ವರ್ಷಕ್ಕೆ ಸಾವಿರ ಕಿರಿಯರಲ್ಲಿ 1 ಸಾವು, ಸಾವಿರ ಹಿರಿಯರಲ್ಲಿ 40. ಎರಡನೆಯದರಲ್ಲಿ ಕಿರಿಯರು 70,000, ಹಿರಿಯರು 30,000, ಸಾವು 0.8 ಮತ್ತು 30. ಅಂದರೆ ಎರಡೂ ವಯಸ್ಸಿನವರಿಗೆ ಎರಡನೇ ಊರೇ ಮೇಲು. ಆದರೆ ವಯಸ್ಸು ನೋಡದೆ ಒಟ್ಟು ಸಾವನ್ನು ಒಟ್ಟು ಜನರಿಂದ ಭಾಗಿಸಿದರೆ ಮೊದಲ ಊರಿಗೆ ಸಾವಿರಕ್ಕೆ 4.9, ಎರಡನೆಯದಕ್ಕೆ 9.56! ಒಳ್ಳೆ ಊರೇ ಕೆಟ್ಟದಾಗಿ ಕಾಣುತ್ತದೆ. ಕಾರಣ ಇಷ್ಟೇ, ಅಲ್ಲಿ ವಯಸ್ಸಾದವರು ಜಾಸ್ತಿ.

ಬೇರೆಯವರಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದರು. ಇವರು ಜನಸಂಖ್ಯಾ ತಜ್ಞೆ ಎವೆಲಿನ್ ಕಿಟಗಾವಾ 1955ರಲ್ಲಿ ಕೊಟ್ಟ ವಿಧಾನ ಹಿಡಿದು, ಆ 4.66ರ ವ್ಯತ್ಯಾಸವನ್ನು ಪೇಪರ್ ಮೇಲೆ ಎರಡು ಭಾಗ ಮಾಡಿಸುತ್ತಾರೆ: ವಯಸ್ಸಿನ ಹಂಚಿಕೆಯಿಂದ ಬಂದದ್ದು 6.82, ಸಾವಿನ ದರದಿಂದ ಬಂದದ್ದು ಮೈನಸ್ 2.16. ಕೂಡಿಸಿ ನೋಡಿ, ಸರಿಯಾಗಿ ಕೂರುತ್ತದೆ. ಇದನ್ನು ಒಂದು ಸಲ ಕೈಯಲ್ಲಿ ಮಾಡಿದವರು ಆಮೇಲೆ ಯಾವ ದರ ಕಂಡರೂ ಮೊದಲು ಕೇಳುವುದು, ಇದನ್ನು ಯಾರಿಂದ ಭಾಗಿಸಿದ್ದಾರೆ ಅಂತ.

ಲೈಫ್ ಟೇಬಲ್ (ಯಾವ ವಯಸ್ಸಿಗೆ ಎಷ್ಟು ಜನ ಉಳಿದಿರುತ್ತಾರೆ ಅಂತ ಸಾಲುಸಾಲಾಗಿ ತೋರಿಸುವ ಪಟ್ಟಿ) ಪಾಠವೂ ಇಷ್ಟೇ ಗಟ್ಟಿ. ಹಿಂದಿನ ಕಾಲದಲ್ಲಿ ಸರಾಸರಿ ಆಯಸ್ಸು 35 ಅಂದ ತಕ್ಷಣ ಎಲ್ಲರೂ 35ಕ್ಕೇ ಹೋಗುತ್ತಿದ್ದರು ಅಂದುಕೊಳ್ಳುತ್ತೇವೆ ಅಲ್ವಾ? ಎಳೆ ಮಕ್ಕಳ ಸಾವು ಆ ಸರಾಸರಿಯನ್ನು ಎಷ್ಟು ಕೆಳಗೆ ಎಳೆಯುತ್ತದೆ ಅನ್ನುವುದು ಟೇಬಲ್‌ನ ಮೊದಲ ಎರಡು ಸಾಲು ತುಂಬುವಾಗಲೇ ಗೊತ್ತಾಗುತ್ತದೆ. ವಯಸ್ಸು, ಕಾಲ, ಹುಟ್ಟಿದ ವರ್ಷ, ಈ ಮೂರರ ಪರಿಣಾಮವನ್ನು ಬೇರೆ ಮಾಡುವ ತಲೆನೋವಿನ ಬಗ್ಗೆಯೂ ಒಂದು ಪಾಠ ಇದೆ, ಪರವಾಗಿಲ್ಲ.

ಎರಡನೇ ಅರ್ಧಕ್ಕೆ ಬಂದರೆ ಬೇರೆಯೇ ಕೋರ್ಸ್ ಅನಿಸುತ್ತದೆ. 1905ರ ಲೊರೆನ್ಜ್ ರೇಖೆ (ಬಡವರಿಂದ ಶುರು ಮಾಡಿ, ಇಷ್ಟು ಜನರಿಗೆ ಒಟ್ಟು ಆದಾಯದ ಎಷ್ಟು ಪಾಲು ಅಂತ ತೋರಿಸುವ ಗೆರೆ), 1912ರ ಜಿನಿ ಸೂಚ್ಯಂಕ (ಅಸಮಾನತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ), ಒಂದು ಗ್ರಾಫ್, ಮುಂದಕ್ಕೆ. ಎರಡು ಬೇರೆ ಬೇರೆ ಹಂಚಿಕೆಗೆ ಒಂದೇ ಜಿನಿ ಬರಬಹುದು, ಸರ್ವೆಗಳಿಗೆ ತೀರಾ ಶ್ರೀಮಂತರು ಸಿಗುವುದೇ ಕಷ್ಟ, ಇಂಥ ಮಾತು ಒಂದೂ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಅಭ್ಯಾಸದ ಫೈಲ್ ನೋಡಿ. ಅದರಲ್ಲಿ ಇಡೀ ಮನೆಯ ಆದಾಯವನ್ನು ಹಾಗೇ ತೆಗೆದುಕೊಂಡು ಜಿನಿ ಹಾಕಿಸುತ್ತಾರೆ, ಮನೆಯಲ್ಲಿ ಎಷ್ಟು ಜನ ಅಂತ ಕೇಳುವುದೇ ಇಲ್ಲ. ನಾಲ್ವರ ಮನೆಗೆ 100, ಒಂಟಿಯಾಗಿರುವವರಿಗೆ 60 ಅಂದುಕೊಳ್ಳಿ. ಮನೆ ಲೆಕ್ಕದಲ್ಲಿ ಮೊದಲನೆಯವರು ಮುಂದೆ, ತಲೆ ಲೆಕ್ಕದಲ್ಲಿ 25ಕ್ಕೆ 60. ಒಟ್ಟಿಗೆ ಇದ್ದರೆ ಖರ್ಚು ಉಳಿಯುತ್ತದೆ ಅಂತ ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವ ರೂಢಿಯೂ ಇದೆ, ಅದರಲ್ಲಿ 50ಕ್ಕೆ 60. ಇನ್ನು ಆ ನಾಲ್ವರು ಇಬ್ಬಿಬ್ಬರಾಗಿ ಬೇರೆ ಮನೆ ಮಾಡಿದರು ಅನ್ನಿ, ಯಾರ ಸಂಬಳವೂ ಒಂದು ಪೈಸೆ ಬದಲಾಗಿಲ್ಲ, ಆದರೂ ಮನೆ ಲೆಕ್ಕದ ಅಸಮಾನತೆ ಬದಲಾಗಿಬಿಡುತ್ತದೆ. ಜನಸಂಖ್ಯೆಯೂ ಅಸಮಾನತೆಯೂ ಕೂಡುವ ಜಾಗ ಇದೇ ತಾನೇ? ಕೋರ್ಸಿನ ಹೆಸರಲ್ಲಿ ಎರಡೂ ಇವೆ. ಮೊದಲ ಅರ್ಧದಲ್ಲಿ ಯಾರಿಂದ ಭಾಗಿಸಿದಿರಿ ಅಂತ ಕೇಳುವುದನ್ನು ಅಭ್ಯಾಸ ಮಾಡಿಸಿದ ಮೇಷ್ಟ್ರೇ ಇಲ್ಲಿ ಅದನ್ನು ಕೇಳುವುದಿಲ್ಲ.

ಗಂಡು-ಹೆಣ್ಣಿನ ಸಂಬಳದ ಅಂತರದ ಪಾಠದಲ್ಲೂ ಇದೇ ಕಥೆ. ಓಹಾಕಾ-ಬ್ಲೈಂಡರ್ ವಿಧಾನ (ಅಂತರದಲ್ಲಿ ಕಾರಣ ಸಿಕ್ಕ ಪಾಲೆಷ್ಟು, ಸಿಗದ ಪಾಲೆಷ್ಟು ಅಂತ ಬೇರೆ ಮಾಡುವ ಲೆಕ್ಕ) ಹೇಳಿಕೊಟ್ಟು, ಓದು, ಅನುಭವ, ಉದ್ಯೋಗ ಎಲ್ಲ ಸೇರಿಸಿ, ಅಂತರದ ಇಷ್ಟು ಪಾಲಿಗೆ ವಿವರಣೆ ಸಿಕ್ಕಿತು ಅಂತ ಮುಗಿಸುತ್ತಾರೆ. ಒಳ್ಳೆ ಉದ್ಯೋಗಕ್ಕೆ ಹೆಂಗಸರನ್ನು ಸೇರಿಸಿಕೊಳ್ಳದೆ ಇದ್ದರೆ ಅದೇ ಒಂದು ಅಸಮಾನತೆ. ಉದ್ಯೋಗವನ್ನು ಮಾಡೆಲ್‌ಗೆ ಹಾಕಿದ ಕೂಡಲೇ ಅದು ವಿವರಣೆ ಸಿಕ್ಕ ಪಾಲಿನ ಕಡೆಗೆ ಹೋಗಿ ಕೂರುತ್ತದೆ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು.

ಸೇರಲೇಬಾರದು ಅಂತ ಅಲ್ಲ. ಶೇಕಡಾ ಲೆಕ್ಕ, ಸ್ವಲ್ಪ ಲಾಗ್ ಗೊತ್ತಿದ್ದರೆ ಮೊದಲ ಅರ್ಧ ಆರಾಮಾಗಿ ಅರ್ಥವಾಗುತ್ತದೆ, ಅದಕ್ಕೋಸ್ಕರವೇ ಸೇರಬಹುದು. ರಿಗ್ರೆಶನ್ (ಒಂದು ಅಂಕಿ ಬೇರೆ ಅಂಕಿಗಳ ಜೊತೆ ಹೇಗೆ ಬದಲಾಗುತ್ತದೆ ಅಂತ ಅಳೆಯುವ ವಿಧಾನ) ಸುಮ್ನೆ ಕೇಳಿ ಮಾತ್ರ ಗೊತ್ತು ಅನ್ನುವವರು ಅದನ್ನು ಬೇರೆ ಕಡೆ ಕಲಿತು ಬನ್ನಿ, ಇಲ್ಲಿ ಕಲಿಸುವುದಿಲ್ಲ. ಸರ್ವೆ ವೇಯ್ಟ್ (ಸರ್ವೆಯಲ್ಲಿ ಸಿಕ್ಕ ಒಬ್ಬೊಬ್ಬರು ಎಷ್ಟು ಜನರ ಪರವಾಗಿ ಲೆಕ್ಕಕ್ಕೆ ಬರುತ್ತಾರೆ ಅನ್ನುವ ಅಂಕಿ) ಬಗ್ಗೆ ಇರುವ ವಿಡಿಯೊವನ್ನು ಯಾಕೋ ಕಟ್ಟಕಡೆಗೆ ಇಟ್ಟಿದ್ದಾರೆ. ಅದನ್ನು ಮೊದಲೇ ನೋಡಿ, ಇಲ್ಲದಿದ್ದರೆ ಅದಕ್ಕೂ ಮೊದಲು ಮಾಡಿದ ಸರಾಸರಿಗಳನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಕೆಲವು ಸ್ಕ್ರಿಪ್ಟ್‌ಗಳು ಹಳೆಯ ಪ್ಯಾಕೇಜ್‌ಗೆ ಬರೆದವು, ಎರರ್ ಕೊಡುತ್ತವೆ. ಕ್ವಿಜ್ ಮಾತ್ರ ಸ್ಕ್ರಿಪ್ಟ್ ಓಡಿಸದೆಯೂ ಪಾಸಾಗುವಷ್ಟು ಸಲೀಸು, ಹಾಗಾಗಿ ಸರ್ಟಿಫಿಕೇಟ್ ಆಸೆಗೆ ಸೇರುವವರಿಗೆ ಚಿಂತೆ ಇಲ್ಲ.